ಪ್ರೊಸೆಸರ್ ಓಡಿಸುವ ಮುನ್ನ ಅದರ ಜ್ವರ ನೋಡಿ



ನಮ್ಮ ಕಾಲೇಜಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಿಂದ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದಿಂದ ವಿದ್ಯಾರ್ಥಿಗಳು ಬರುತ್ತಾರೆ. ಹಾಸ್ಟೆಲಿನಲ್ಲಿ ರಾತ್ರಿ ಊಟ ಮುಗಿದ ಮೇಲೆ ನಮ್ಮ ಪಿಸಿಎಂಸಿ ಹುಡುಗರ ಮಾತು ಕ್ರಿಕೆಟ್ ಬಿಟ್ಟರೆ ಕಂಪ್ಯೂಟರಿಗೆ ಬಂದು ನಿಲ್ಲುತ್ತದೆ. "ನಿನ್ನದು ಎಷ್ಟು ಗಿಗಾಹರ್ಟ್ಜ್?" "ಓವರ್‌ಕ್ಲಾಕ್ ಮಾಡಿದ್ದೀಯಾ?" "ನನ್ನದು 4.2ಕ್ಕೆ ಹೋಗಿದೆ!" ಆ 4.2 ಎಂದು ಎದೆಯುಬ್ಬಿಸಿ ಹೇಳುತ್ತಿದ್ದವನು ನಾನೇ. ಅದರಿಂದ ನಮ್ಮ ಮನೆಯವರಿಗೆ ಏನಾಯಿತು, ಆಮೇಲೆ ನಾನು ಏನು ಕಲಿತೆ ಎಂಬುದನ್ನು ಈ ಸಂಚಿಕೆಯಲ್ಲಿ ಬರೆಯಲು ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಹೇಳಿದರು. ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಆ ದಿನ ನಡೆದದ್ದು

ನಮ್ಮ ಊರು ಪಾವಗಡ. ನನ್ನ ಆಪಾ ಡಿಗ್ರಿ ಮುಗಿಸಿ ಒಂದು ಚಿಕ್ಕ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ನಡೆಸುತ್ತಾರೆ. ಮೇಲೆ ತಗಡಿನ ಶೀಟು, ಒಳಗೆ ಒಂದು ಪ್ರಿಂಟರ್, ಒಂದು ಕಂಪ್ಯೂಟರ್. ಅಬ್ಬಾ ಚೀಟಿ ಹಣ ಎತ್ತಿ ಕೊಡಿಸಿದ ಕಂಪ್ಯೂಟರ್ ಅದು. ಅದರಲ್ಲಿರುವುದು ಎಎಮ್‌ಡಿ ರೈಜನ್ 3 3200ಜಿ ಎಂಬ ನಾಲ್ಕು ಕೋರ್‌ಗಳ ಪ್ರೊಸೆಸರ್. ಇದರ ಗುಣಕ, ಅಂದರೆ ಮಲ್ಟಿಪ್ಲೈಯರ್, ಬೀಗ ಹಾಕದೆ ಬಿಟ್ಟದ್ದು. ಮದರ್‌ಬೋರ್ಡ್ ಒಪ್ಪಿದರೆ ನಾವೇ ವೇಗ ಏರಿಸಬಹುದು.

ಕಳೆದ ಜನವರಿಯಲ್ಲಿ ಸಂಕ್ರಾಂತಿ ರಜೆಗೆ ಊರಿಗೆ ಹೋಗಿದ್ದೆ. ಕಾಲೇಜು ವಾರ್ಷಿಕೋತ್ಸವದ ವಿಡಿಯೋ ಎಡಿಟ್ ಮಾಡಬೇಕಿತ್ತು. ಕೊನೆಯಲ್ಲಿ ವಿಡಿಯೋ ಹೊರತೆಗೆಯುವುದಕ್ಕೆ 20 ನಿಮಿಷ ಹಿಡಿಯುತ್ತಿತ್ತು. ಒಂದು ರಾತ್ರಿ ಆಪಾ ಮಲಗಿದ ಮೇಲೆ ಬಯಾಸ್ ತೆರೆದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಾ ಅದರಲ್ಲಿ ಹೇಳಿದ ಸಂಖ್ಯೆಗಳನ್ನೇ ಹಾಕಿದೆ: ವೇಗ 4.2 ಗಿಗಾಹರ್ಟ್ಜ್, ವೋಲ್ಟೇಜ್ 1.40. ಹತ್ತು ನಿಮಿಷ ಪರೀಕ್ಷೆ ಓಡಿಸಿದೆ. ತಾಪಮಾನ 82 ಡಿಗ್ರಿಗೆ ನಿಂತಿತು. ಕಂಪ್ಯೂಟರ್ ಸುಮ್ಮನೆ ಓಡುತ್ತಿತ್ತು. ಗೆದ್ದೆ ಎಂದುಕೊಂಡೆ. ಯಾರಿಗೂ ಹೇಳದೆ ಬ್ಯಾಗು ಹೆಗಲಿಗೇರಿಸಿ ಮಧುಗಿರಿ ಬಸ್ ಹತ್ತಿದೆ.

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಹಾಸ್ಟೆಲ್ ವಾರ್ಡನ್ ಸರ್ ನನ್ನನ್ನು ಕರೆದು ತಮ್ಮ ಫೋನ್ ಕೊಟ್ಟರು. ಆ ಕಡೆ ಆಪಾ.

"ಕಂಪ್ಯೂಟರ್‌ಗೆ ಏನಾದರೂ ಮಾಡಿದ್ದೀಯೇನೋ?"

ನಾನು ತಕ್ಷಣ ಉತ್ತರ ಕೊಡಲಿಲ್ಲ.

"ಬೆಳಿಗ್ಗೆಯಿಂದ ನಾಲ್ಕು ಸಲ ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆಗಿದೆ. ಈ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತೇ ಕೊನೆಯ ದಿನ. ಎಲ್ಲ ತುಂಬಿ ಓಟಿಪಿ ಹಾಕುವಷ್ಟರಲ್ಲಿ ಹೋಗುತ್ತಿದೆ. ಸಾಲಿನಲ್ಲಿ ಇನ್ನೂ ಆರು ಜನ ಇದ್ದಾರೆ."

ಹೇಳಿದೆ. ಹೇಳುವಾಗ ಎದುರಿಗಿದ್ದ ವಾರ್ಡನ್ ಸರ್ ಮುಖ ನೋಡಲು ಆಗಲಿಲ್ಲ. ಆಪಾ ಬೈಯಲಿಲ್ಲ. "ಸರಿ, ಈಗ ಏನು ಒತ್ತಬೇಕು ಹೇಳು" ಎಂದರು. ಡಿಲೀಟ್ ಕೀ ಒತ್ತುತ್ತಾ ಬಯಾಸ್‌ಗೆ ಹೋಗಿ, ಲೋಡ್ ಡೀಫಾಲ್ಟ್ಸ್ ಆರಿಸಿ, ಉಳಿಸಿ ಹೊರಬರುವ ತನಕ ಫೋನಿನಲ್ಲೇ ದಾರಿ ಹೇಳಿದೆ. ಆಮೇಲೆ ಕಂಪ್ಯೂಟರ್ ನಿಂತಿತು. ಆದರೆ ಆ ಹೊತ್ತಿಗೆ ಅರ್ಜಿಯ ಜಾಲತಾಣದಲ್ಲಿ ನೂಕುನುಗ್ಗಲು. ಹುಡುಗಿಯ ಅರ್ಜಿ ಹೋದಾಗ ರಾತ್ರಿ ಒಂಬತ್ತು. ನಾಗಲಮಡಿಕೆ ಕಡೆಯ ಒಬ್ಬ ಅಜ್ಜ ಪಹಣಿಗೆಂದು ಬಂದವರು ಕೊನೆಯ ಬಸ್ಸಿನ ತನಕ ಕಾದು, ಏನೂ ಸಿಗದೆ ಎದ್ದು ಹೋದರಂತೆ. ಅವರು ಮತ್ತೆ ಅಂಗಡಿಗೆ ಬಂದಿಲ್ಲ.

ತಪ್ಪು ಪ್ರೊಸೆಸರಿನದಲ್ಲ, ಅದನ್ನು ಮಾಡಿದವರದೂ ಅಲ್ಲ. ನನ್ನದು. ಆದರೆ "ತಪ್ಪಾಯಿತು" ಎಂದರೆ ಸಾಕೇ? ಜನವರಿಯಲ್ಲಿ ಸರಿಯಾಗಿ ಓಡಿದ್ದು ಮಾರ್ಚಿನಲ್ಲಿ ಏಕೆ ಕೈಕೊಟ್ಟಿತು? ನಮ್ಮ ಸರ್ ಹತ್ತಿರ ಹೋದೆ. ಅವರು ಕಂಪ್ಯೂಟರ್ ಪುಸ್ತಕ ತೆಗೆಯಲಿಲ್ಲ, ಭೌತಶಾಸ್ತ್ರದ ಪುಸ್ತಕ ತೆಗೆದರು.

ಓವರ್‌ಕ್ಲಾಕ್ ಎಂದರೇನು?

ಪ್ರೊಸೆಸರಿನೊಳಗೆ ಒಂದು ಗಡಿಯಾರವಿದೆ. ಪ್ರತಿ ಬಡಿತಕ್ಕೂ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಒಂದು ಹೆಜ್ಜೆ ಕೆಲಸ ಮಾಡುತ್ತವೆ. 3.9 ಗಿಗಾಹರ್ಟ್ಜ್ ಎಂದರೆ ಸೆಕೆಂಡಿಗೆ 390 ಕೋಟಿ ಬಡಿತ. ಒಂದು ಬಡಿತಕ್ಕೆ ಸಿಗುವ ಸಮಯ 0.256 ನ್ಯಾನೋಸೆಕೆಂಡ್. ಅದನ್ನೇ 4.2ಕ್ಕೆ ಏರಿಸಿದರೆ ಸಿಗುವುದು 0.238 ನ್ಯಾನೋಸೆಕೆಂಡ್ ಮಾತ್ರ.

ನಮ್ಮ ಕಾಲೇಜಿನ ಬೆಲ್ ನೆನಪಿಸಿಕೊಳ್ಳಿ. ಲ್ಯಾಬಿನಿಂದ ತರಗತಿಗೆ ಬರಲು ಐದು ನಿಮಿಷ ಕೊಟ್ಟರೆ ಎಲ್ಲರೂ ಬಂದು ಕೂರುತ್ತಾರೆ. ನಾಲ್ಕೇ ನಿಮಿಷಕ್ಕೆ ಬೆಲ್ ಹೊಡೆದರೆ ಕೆಲವರು ಇನ್ನೂ ಮೆಟ್ಟಿಲ ಮೇಲಿರುತ್ತಾರೆ. ಹಾಜರಿ ತಪ್ಪಾಗುತ್ತದೆ. ಪ್ರೊಸೆಸರಿನಲ್ಲೂ ಹಾಗೆಯೇ. ಬಡಿತ ಮುಗಿಯುವುದರೊಳಗೆ ಸಂಕೇತ ತಲುಪದಿದ್ದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ಒಂದೇ ಒಂದು ತಪ್ಪು ಸಾಕು, ನೀಲಿ ಪರದೆ ಬರಲು.

ಹಾಗಾದರೆ ಎಲ್ಲರನ್ನೂ ಓಡಿಸಿದರೆ? ಅದೇ ವೋಲ್ಟೇಜ್ ಏರಿಸುವುದು. ವೋಲ್ಟೇಜ್ ಹೆಚ್ಚಿದರೆ ಟ್ರಾನ್ಸಿಸ್ಟರು ಬೇಗ ಬದಲಾಗುತ್ತದೆ. ಆದರೆ ಓಡಿದವರು ಬೆವರುತ್ತಾರೆ. ಆ ಬೆವರೇ ಶಾಖ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಬರುವ 230 ವೋಲ್ಟ್ ಬೇರೆ, ಪ್ರೊಸೆಸರಿನ ಕೋರ್ ವೋಲ್ಟೇಜ್ ಬೇರೆ. ಎಸ್‌ಎಂಪಿಎಸ್ ಪೆಟ್ಟಿಗೆ 230 ವೋಲ್ಟನ್ನು 12 ವೋಲ್ಟಿಗೆ ಇಳಿಸುತ್ತದೆ. ಮದರ್‌ಬೋರ್ಡಿನ ಮೇಲಿರುವ ಸಣ್ಣ ಸರ್ಕ್ಯೂಟುಗಳು ಅದನ್ನು ಸುಮಾರು 1 ರಿಂದ 1.4 ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡುತ್ತವೆ. ಇಷ್ಟು ಸಣ್ಣ ಸಂಖ್ಯೆಯಲ್ಲಿ 0.1 ಎನ್ನುವುದು ಸಣ್ಣದಲ್ಲ.

ಲೆಕ್ಕ ಮಾಡಿ ನೋಡಿದರೆ

ಪ್ರೊಸೆಸರ್ ಕೆಲಸ ಮಾಡುವಾಗ ಹೊರಬರುವ ಶಾಖಕ್ಕೆ ಒಂದು ಸರಳ ಸೂತ್ರವಿದೆ:

ಶಾಖ = ಧಾರಕತೆ × ವೋಲ್ಟೇಜ್ × ವೋಲ್ಟೇಜ್ × ಆವರ್ತನ

ವೋಲ್ಟೇಜ್ ಎರಡು ಸಲ ಬಂದಿರುವುದನ್ನು ಗಮನಿಸಿ. ಆವರ್ತನ ಶೇ 10 ಏರಿಸಿದರೆ ಶಾಖವೂ ಶೇ 10 ಏರುತ್ತದೆ. ವೋಲ್ಟೇಜ್ ಶೇ 10 ಏರಿಸಿದರೆ ಶಾಖ ಶೇ 21 ಏರುತ್ತದೆ.

ಈಗ ನಾನು ಮಾಡಿದ್ದನ್ನು ಇದರಲ್ಲಿ ಇಡೋಣ. ನಮ್ಮ ಅಂಗಡಿಯ ಕಂಪ್ಯೂಟರ್ ಮೊದಲು ಪೂರ್ಣ ಕೆಲಸದಲ್ಲಿ 3.9 ಗಿಗಾಹರ್ಟ್ಜ್, 1.25 ವೋಲ್ಟಿನಲ್ಲಿ ಓಡುತ್ತಿತ್ತು. ನಾನು ಅದನ್ನು 4.2 ಮತ್ತು 1.40 ಮಾಡಿದೆ. ಆವರ್ತನದ ಅನುಪಾತ 1.077. ವೋಲ್ಟೇಜ್ ವರ್ಗದ ಅನುಪಾತ 1.254. ಗುಣಿಸಿದರೆ 1.35. ಅಂದರೆ ಸಿಕ್ಕಿದ ವೇಗ ಶೇ 8ಕ್ಕಿಂತ ಕಡಿಮೆ, ತೆತ್ತ ಶಾಖ ಶೇ 35. ಇಪ್ಪತ್ತು ನಿಮಿಷದ ವಿಡಿಯೋ ಕೆಲಸದಲ್ಲಿ ಉಳಿದದ್ದು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷಕ್ಕಾಗಿ ನಾನು ಆಪಾಳ ಅಂಗಡಿಯನ್ನೇ ಪಣಕ್ಕಿಟ್ಟಿದ್ದೆ.

ಪಾವಗಡದ ಬಿಸಿಲನ್ನು ಮರೆತಿದ್ದೆ

ಎರಡನೇ ತಪ್ಪು ಇನ್ನೂ ದೊಡ್ಡದು. ಕೂಲರ್, ಅಂದರೆ ಲೋಹದ ಹೀಟ್‌ಸಿಂಕ್ ಮತ್ತು ಫ್ಯಾನ್, ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಪ್ರಥಮ ಪಿಯುಸಿಯಲ್ಲಿ ಓದಿದ ನ್ಯೂಟನ್ನನ ತಂಪಾಗುವಿಕೆಯ ನಿಯಮ ನೆನಪಿದೆಯಲ್ಲ? ವಸ್ತು ಶಾಖ ಕಳೆದುಕೊಳ್ಳುವುದು ಅದಕ್ಕೂ ಸುತ್ತಲಿಗೂ ಇರುವ ತಾಪದ ವ್ಯತ್ಯಾಸಕ್ಕೆ ತಕ್ಕಂತೆ. ಆದ್ದರಿಂದ,

ಪ್ರೊಸೆಸರಿನ ತಾಪ = ಕೋಣೆಯ ತಾಪ + ಏರಿಕೆ

ಏರಿಕೆ ಎಷ್ಟು ಎಂಬುದು ಶಾಖ ಮತ್ತು ಕೂಲರಿನ ಸಾಮರ್ಥ್ಯದ ಮೇಲೆ ನಿಂತಿದೆ. ಜನವರಿಯ ರಾತ್ರಿ ಕೋಣೆ 20 ಡಿಗ್ರಿ ಇತ್ತು, ಪ್ರೊಸೆಸರ್ 82 ತೋರಿಸಿತು. ಅಂದರೆ ಏರಿಕೆ 62 ಡಿಗ್ರಿ. ಮಾರ್ಚ್ ಮಧ್ಯಾಹ್ನ ಶೀಟಿನ ಕೆಳಗೆ ಅಂಗಡಿ 37 ಡಿಗ್ರಿ. ಅದೇ 62 ಸೇರಿಸಿ: 99. ಈ ಪ್ರೊಸೆಸರಿಗೆ ತಯಾರಕರು ಹೇಳಿರುವ ಗರಿಷ್ಠ ಮಿತಿ 95 ಡಿಗ್ರಿ. ನಾನು ಪರೀಕ್ಷೆ ಮಾಡಿದ ರಾತ್ರಿಯೇ ಮಾರ್ಚಿನ ಸೋಲು ಲೆಕ್ಕದಲ್ಲಿ ಬರೆದಾಗಿತ್ತು. ನಾನು ಓದಿರಲಿಲ್ಲ ಅಷ್ಟೆ.

ಮಿತಿ ಹತ್ತಿರ ಬಂದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಇನ್ನೂ ಮೀರಿದರೆ ಕಂಪ್ಯೂಟರ್ ತಾನೇ ಆರಿಹೋಗುತ್ತದೆ. ಇದರ ನಡುವೆ ಇನ್ನೊಂದು ಸಂಗತಿಯಿದೆ. ತಂಪಾಗಿದ್ದಾಗ ಅಂಚಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಸಂಕೇತಗಳು ಬಿಸಿಯಾದಾಗ ಅದೇ ವೋಲ್ಟೇಜಿನಲ್ಲಿ ತಡವಾಗಿ ತಲುಪಬಹುದು. ನಮ್ಮ ಅಂಗಡಿಯ ನೀಲಿ ಪರದೆ ಬಂದದ್ದು ಈ ಅಂಚಿನಲ್ಲಿ.

ಸಿಲಿಕಾನಿಗೆ ಬಿಸಿ ಆಗದು ಎಂಬುದಕ್ಕೆ ದೊಡ್ಡ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಇದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಪಾವಗಡ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂದು ನಾನು ತಿಳಿದಿದ್ದೆ. ಅರ್ಧ ನಿಜ. ಬೆಳಕು ಹೆಚ್ಚಾದರೆ ಒಳ್ಳೆಯದು, ಬಿಸಿ ಹೆಚ್ಚಾದರೆ ನಷ್ಟ. ಪ್ಯಾನೆಲ್ ಮೇಲೆ ಬರೆದ ವಾಟ್ ಲೆಕ್ಕ ಅದರ ಕೋಶ 25 ಡಿಗ್ರಿ ಇದ್ದಾಗಿನದು. ಸಾಮಾನ್ಯ ಸಿಲಿಕಾನ್ ಪ್ಯಾನೆಲ್ಲಿನಲ್ಲಿ ಅಲ್ಲಿಂದ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು ಶೇ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಕೋಶ 60 ಡಿಗ್ರಿಗೆ ಕಾದರೆ ಶೇ 14 ಹೋಯಿತು. ಅಷ್ಟು ದೊಡ್ಡ ಪಾರ್ಕೂ ಬೇಸಿಗೆಗೆ ತಲೆಬಾಗುತ್ತದೆ. ನನ್ನ ಡಬ್ಬಿ ಯಾವ ಲೆಕ್ಕ?

ನಾನು ನೋಡಿದ ಆ ವಿಡಿಯೋ ಯಾವುದೋ ತಂಪು ದೇಶದ ಕೋಣೆಯಲ್ಲಿ ಮಾಡಿದ್ದು. ಅವರ ಕೋಣೆಯ ತಾಪ ಅವರದು, ನಮ್ಮದು ನಮ್ಮದು. ನಮ್ಮಲ್ಲೇ ವ್ಯತ್ಯಾಸವಿದೆ. ಕೊರಟಗೆರೆ ಕಡೆಯ ನನ್ನ ಗೆಳೆಯನ ಮನೆ ತೆಂಗಿನ ತೋಟದ ನಡುವೆ, ಹೆಂಚಿನ ಮಾಡು. ಮಧ್ಯಾಹ್ನ ಅವನ ಕೋಣೆಗೂ ನಮ್ಮ ಅಂಗಡಿಗೂ ನಾಲ್ಕೈದು ಡಿಗ್ರಿ ಅಂತರ. ಶಿರಾದ ಮಲಿಕ್ ರಿಹಾನ್ ದರ್ಗಾದ ದಪ್ಪ ಕಲ್ಲಿನ ಗೋಡೆಗಳ ಒಳಗೆ ಕಾಲಿಟ್ಟವರಿಗೆ ಆ ತಂಪು ಗೊತ್ತು. ಒಬ್ಬರ ಸೆಟ್ಟಿಂಗನ್ನು ಇನ್ನೊಬ್ಬರು ಕಣ್ಣು ಮುಚ್ಚಿ ನಕಲು ಮಾಡಬಾರದು ಎನ್ನುವುದು ಇದಕ್ಕೇ.

ಬಂಡೆ ಕಾಯಲು ಹೊತ್ತು ಬೇಕು

ನನ್ನ ಹತ್ತು ನಿಮಿಷದ ಪರೀಕ್ಷೆಯೂ ಸಾಲದು. ಮಧುಗಿರಿ ಬೆಟ್ಟವನ್ನು ಬೇಸಿಗೆಯಲ್ಲಿ ಹತ್ತಿದವರಿಗೆ ಗೊತ್ತು: ಬೆಳಿಗ್ಗೆ ಏಳಕ್ಕೆ ಬಿಸಿಲು ಬಿದ್ದರೂ ಬಂಡೆ ತಣ್ಣಗಿರುತ್ತದೆ, ಸಂಜೆ ಸೂರ್ಯ ಇಳಿದ ಮೇಲೂ ಬಂಡೆ ಬಿಸಿ. ದೊಡ್ಡ ವಸ್ತು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಪ್ರೊಸೆಸರಿನ ಚಿಪ್ಪು ಕ್ಷಣದಲ್ಲಿ ಕಾಯುತ್ತದೆ. ಆದರೆ ಹೀಟ್‌ಸಿಂಕ್ ಕಾಯಲು ಕೆಲವು ನಿಮಿಷ ಬೇಕು, ಪೆಟ್ಟಿಗೆಯೊಳಗಿನ ಗಾಳಿ ಮತ್ತು ಮದರ್‌ಬೋರ್ಡಿನ ವೋಲ್ಟೇಜ್ ಸರ್ಕ್ಯೂಟುಗಳು ಕಾಯಲು ಇನ್ನೂ ಹೆಚ್ಚು. ಆದ್ದರಿಂದ ಪರೀಕ್ಷೆ ಕನಿಷ್ಠ ಒಂದು ಗಂಟೆ ಓಡಬೇಕು. ಅದೂ ದಿನದ ಅತಿ ಬಿಸಿ ಹೊತ್ತಿನಲ್ಲಿ, ಪೆಟ್ಟಿಗೆಯ ಬಾಗಿಲು ಮುಚ್ಚಿ, ದಿನವೂ ಹೇಗಿರುತ್ತದೋ ಹಾಗೆಯೇ.

ವೋಲ್ಟೇಜ್ ಮಾಡುವ ಕಣ್ಣಿಗೆ ಕಾಣದ ಹಾನಿ

"ತಾಪ ಕಡಿಮೆ ಇದ್ದರೆ ವೋಲ್ಟೇಜ್ ಎಷ್ಟಾದರೂ ಕೊಡಬಹುದೇ?" ಎಂದು ಸರ್ ಅವರನ್ನು ಕೇಳಿದೆ. ಇಲ್ಲ. ಚಿಪ್ಪಿನೊಳಗಿನ ತಂತಿಗಳು ಕೂದಲಿಗಿಂತ ಸಾವಿರಾರು ಪಟ್ಟು ತೆಳು. ಅವುಗಳಲ್ಲಿ ಹೆಚ್ಚು ವಿದ್ಯುತ್ ಹರಿದಾಗ ಓಡುವ ಎಲೆಕ್ಟ್ರಾನುಗಳು ಲೋಹದ ಅಣುಗಳನ್ನೇ ಸ್ವಲ್ಪ ಸ್ವಲ್ಪ ತಳ್ಳಿಕೊಂಡು ಹೋಗುತ್ತವೆ. ಇದಕ್ಕೆ ಎಲೆಕ್ಟ್ರೋಮೈಗ್ರೇಶನ್ ಎಂದು ಹೆಸರು. ಮಳೆನೀರು ಹೊಲದ ಬದುವನ್ನು ಕೊರೆದಂತೆ. ಒಂದು ದಿನದಲ್ಲಿ ಕಾಣುವುದಿಲ್ಲ. ತಾಪ ಹೆಚ್ಚಾದಷ್ಟೂ ಕೊರೆತ ಬೇಗ. ವರ್ಷ ಕಳೆದ ಮೇಲೆ, ಮೊದಲು 1.30 ವೋಲ್ಟಿನಲ್ಲಿ ಓಡುತ್ತಿದ್ದ ಪ್ರೊಸೆಸರ್ ಅದೇ ವೇಗಕ್ಕೆ 1.35 ಕೇಳತೊಡಗುತ್ತದೆ. ಕೊಟ್ಟರೆ ಸವೆತ ಇನ್ನೂ ಹೆಚ್ಚು.

ಇದು ಬರೀ ಹೆದರಿಸುವ ಮಾತಲ್ಲ. 2023ರಲ್ಲಿ ಎಎಮ್‌ಡಿಯ ಕೆಲವು ರೈಜನ್ 7000 ಸರಣಿಯ ಪ್ರೊಸೆಸರುಗಳು ಸುಟ್ಟ ಪ್ರಕರಣಗಳು ಬಂದವು. ಆಗ ಕಂಪನಿ ಎಸ್‌ಒಸಿ ವೋಲ್ಟೇಜ್ 1.3 ಮೀರದಂತೆ ಹೊಸ ಬಯಾಸ್ ಮೂಲಕ ಮಿತಿ ಹಾಕಿತು. 2024ರಲ್ಲಿ ಇಂಟೆಲ್ಲಿನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕುಸಿಯತೊಡಗಿದಾಗ, ಅತಿಯಾದ ವೋಲ್ಟೇಜ್ ಕಾರಣವೆಂದು ಕಂಪನಿಯೇ ಹೇಳಿತು. 1.55 ವೋಲ್ಟ್ ಮೀರದಂತೆ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಇವುಗಳಲ್ಲಿ ಎಷ್ಟೋ ಮಂದಿ ಓವರ್‌ಕ್ಲಾಕ್ ಮಾಡಿದವರೇ ಅಲ್ಲ. ಸಾವಿರಾರು ಎಂಜಿನಿಯರುಗಳಿರುವ ಕಂಪನಿಗಳೇ ವೋಲ್ಟೇಜ್ ವಿಷಯದಲ್ಲಿ ಎಡವಿದ ಮೇಲೆ, ರಾತ್ರಿ ಹನ್ನೊಂದಕ್ಕೆ ಮೊಬೈಲ್ ನೋಡಿಕೊಂಡು ಸಂಖ್ಯೆ ತುಂಬುವ ನಾವು ಎಷ್ಟು ಎಚ್ಚರವಾಗಿರಬೇಕು!

ಹಾಗೆಂದು ಓವರ್‌ಕ್ಲಾಕ್ ಎನ್ನುವುದೇ ಕೆಟ್ಟದ್ದಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ 300 ಮೆಗಾಹರ್ಟ್ಜಿನದು. ಬಹಳ ಜನ ಅದನ್ನು 450ಕ್ಕೆ ಏರಿಸಿ ದುಬಾರಿ ಚಿಪ್ಪಿನ ಕೆಲಸ ತೆಗೆದರು. ಆಗ ತಯಾರಕರು ಅಷ್ಟು ಜಾಗ ಬಿಡುತ್ತಿದ್ದರು. ಈಗಿನ ಪ್ರೊಸೆಸರುಗಳು ತಾಪ, ವೋಲ್ಟೇಜ್ ನೋಡಿಕೊಂಡು ತಾವೇ ಬೂಸ್ಟ್ ಎಂಬ ಹೆಸರಿನಲ್ಲಿ ವೇಗ ಏರಿಸಿಕೊಳ್ಳುತ್ತವೆ. ನಮಗೆ ಉಳಿಸಿರುವುದು ಕಡಿಮೆ. ಇನ್ನು 9 ಗಿಗಾಹರ್ಟ್ಜ್ ದಾಟಿದ ವಿಶ್ವದಾಖಲೆ ಇದೆಯಲ್ಲ, ಅದು ದ್ರವ ಹೀಲಿಯಂ ಸುರಿದು ಕೆಲವೇ ಕ್ಷಣ ನಿಲ್ಲಿಸಿದ್ದು. ಅದರಲ್ಲಿ ಯಾರೂ ಪಹಣಿ ತೆಗೆಯುವುದಿಲ್ಲ.

ಬೇಸಿಗೆ ರಜೆಯಲ್ಲಿ ನಾನು ಮಾಡಿದ್ದು

ಏಪ್ರಿಲ್ ರಜೆಗೆ ಹೋದಾಗ ಆಪಾಳ ಒಪ್ಪಿಗೆ ಕೇಳಿ, ಶುಕ್ರವಾರ ಅಂಗಡಿ ಮುಚ್ಚಿದ ದಿನ ಕೆಲಸ ಶುರು ಮಾಡಿದೆ. ನಮ್ಮ ಸರ್ ಹೇಳಿದ ಕ್ರಮ ಇದು.

ಮೊದಲನೆಯದು, ಅಳತೆ. ಗೋಡೆಗೆ ಒಂದು ಥರ್ಮಾಮೀಟರ್ ಹಾಕಿದೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತಾಪ, ವೋಲ್ಟೇಜ್, ವೇಗ ಮೂರನ್ನೂ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. ಎಲ್ಲ ಸೆಟ್ಟಿಂಗ್ ಮೂಲದಲ್ಲೇ ಇದ್ದಾಗ, ಕೋಣೆ 38 ಡಿಗ್ರಿ, ಪೂರ್ಣ ಕೆಲಸದಲ್ಲಿ ಪ್ರೊಸೆಸರ್ 84.

ಎರಡನೆಯದು, ಧೂಳು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೆಟ್ಟಿಗೆ ತೆರೆದರೆ ಹೀಟ್‌ಸಿಂಕಿನ ಪದರಗಳ ನಡುವೆ ಕಂಬಳಿಯಂತೆ ಧೂಳು. ಒಣ ಬ್ರಶ್ಶಿನಿಂದ ತೆಗೆದು ಬ್ಲೋವರಿನಿಂದ ಊದಿದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಮೂರನೆಯದು, ಥರ್ಮಲ್ ಪೇಸ್ಟ್. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ಉಳಿದರೆ ಶಾಖ ದಾಟುವುದಿಲ್ಲ. ಸಂದು ತುಂಬಲು ಈ ಪೇಸ್ಟ್. ವರ್ಷಗಳಾದ ಮೇಲೆ ಒಣಗುತ್ತದೆ. ಹಳೆಯದನ್ನು ಒರೆಸಿ ಬಟಾಣಿಗಿಂತ ಚಿಕ್ಕ ಒಂದು ಉಂಡೆ ಹಾಕಿದರೆ ಸಾಕು, ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಬಳಿಯಬೇಡಿ. ಇನ್ನೊಂದು ಎಚ್ಚರ: ನಮ್ಮಂಥ ರೈಜನ್ ಪ್ರೊಸೆಸರಿನ ಕೆಳಗೆ ಸೂಜಿಯಂಥ ಪಿನ್ನುಗಳಿವೆ. ಕೂಲರನ್ನು ನೇರ ಎಳೆದರೆ ಪ್ರೊಸೆಸರೂ ಕಿತ್ತುಬರಬಹುದು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಮೆದುವಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ನಿಧಾನವಾಗಿ ತಿರುಚಿ ಬಿಡಿಸಬೇಕು.

ಇಷ್ಟಕ್ಕೇ, ಅದೇ 38 ಡಿಗ್ರಿ ಕೋಣೆಯಲ್ಲಿ, 84 ಇದ್ದದ್ದು 77ಕ್ಕೆ ಇಳಿಯಿತು.

ನಾಲ್ಕನೆಯದು, ವೋಲ್ಟೇಜ್ ಏರಿಸುವುದಲ್ಲ, ಇಳಿಸುವುದು. ಇದಕ್ಕೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ತಯಾರಕರು ಎಲ್ಲ ಚಿಪ್ಪುಗಳೂ ಓಡಲಿ ಎಂದು ವೋಲ್ಟೇಜನ್ನು ಸ್ವಲ್ಪ ಧಾರಾಳವಾಗಿಯೇ ಇಟ್ಟಿರುತ್ತಾರೆ. ನಾನು ವೇಗವನ್ನು 3.8ಕ್ಕೆ ನಿಲ್ಲಿಸಿ, ವೋಲ್ಟೇಜನ್ನು 0.025ರಂತೆ ಇಳಿಸುತ್ತಾ ಪ್ರತಿ ಸಲ ಪರೀಕ್ಷೆ ಮಾಡಿದೆ. 1.10ಕ್ಕೆ ಬಂದಾಗ ಪರೀಕ್ಷೆಯಲ್ಲಿ ದೋಷ ಕಂಡಿತು. ಎರಡು ಮೆಟ್ಟಿಲು ಹಿಂದಕ್ಕೆ ಬಂದು 1.15ರಲ್ಲಿ ನಿಲ್ಲಿಸಿದೆ. ಅಂಚಿನಲ್ಲಿ ನಿಲ್ಲಬಾರದು ಎಂದು ಮಾರ್ಚ್ ಕಲಿಸಿತ್ತು. ಲೆಕ್ಕದ ಪ್ರಕಾರ ವೇಗದಲ್ಲಿ ಹೋದದ್ದು ಶೇ 2.6, ಶಾಖದಲ್ಲಿ ಉಳಿದದ್ದು ಶೇ 17ಕ್ಕಿಂತ ಹೆಚ್ಚು. ಮಧ್ಯಾಹ್ನ ಎರಡು ಗಂಟೆಗೆ ಒಂದು ತಾಸು ಓಡಿಸಿದಾಗ ತಾಪ 70 ಡಿಗ್ರಿ. ಫ್ಯಾನಿನ ಸದ್ದೂ ಇಳಿಯಿತು. ಆಪಾ ಮೊದಲು ಗಮನಿಸಿದ್ದು ಅದನ್ನೇ.

ನನ್ನ ವಿಡಿಯೋ ಕೆಲಸ? ಅಂಗಡಿಯ ಕಂಪ್ಯೂಟರಿನಲ್ಲಿ ರ‍್ಯಾಮ್ ಒಂದೇ ಕಡ್ಡಿ ಇತ್ತು. ಇಂಥ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮನ್ನು ಬಳಸುತ್ತದೆ. ಆದ್ದರಿಂದ ಎರಡು ಕಡ್ಡಿ ಜೋಡಿಯಾಗಿ ಹಾಕಿದರೆ ಆಟಕ್ಕೂ ವಿಡಿಯೋಗೂ ಚೆನ್ನಾಗಿ ಅನುಕೂಲವಾಗುತ್ತದೆ. ರಜೆಯಲ್ಲಿ ಅಂಗಡಿಯಲ್ಲಿ ಕೆಲಸ ಮಾಡಿದ್ದಕ್ಕೆ ಆಪಾ ಕೊಟ್ಟ ಹಣದಲ್ಲಿ ಹಳೆಯ ರ‍್ಯಾಮ್ ಒಂದನ್ನು ತಂದು ಹಾಕಿದೆ. ಗಡಿಯಾರ ಓಡಿಸಿ ಪಡೆಯಲಾಗದ್ದು ಅದರಿಂದ ಸಿಕ್ಕಿತು.

ಆದರೂ ಓವರ್‌ಕ್ಲಾಕ್ ಮಾಡಲೇಬೇಕೆನ್ನುವವರಿಗೆ

1. ಕಂಪ್ಯೂಟರ್ ನಿಮ್ಮದೇ ಆಗಿರಲಿ. ಮನೆಯವರ ಸಂಪಾದನೆ ಅದರ ಮೇಲೆ ನಿಂತಿದ್ದರೆ ಬೇಡ. ಕಾಲೇಜಿನ ಲ್ಯಾಬ್ ಕಂಪ್ಯೂಟರಿನ ಬಯಾಸನ್ನು ಮುಟ್ಟಲೇಬೇಡಿ.

2. ಮೊದಲು ತಿಳಿಯಿರಿ. ಎಲ್ಲ ಪ್ರೊಸೆಸರುಗಳೂ ಏರುವುದಿಲ್ಲ. ಇಂಟೆಲ್ಲಿನಲ್ಲಿ ಹೆಸರಿನ ಕೊನೆಗೆ ಕೆ ಅಕ್ಷರವಿರುವ ಪ್ರೊಸೆಸರ್ ಮತ್ತು ಅದಕ್ಕೆ ತಕ್ಕ ಝಡ್ ಸರಣಿಯ ಬೋರ್ಡ್ ಬೇಕು. ನಿಮ್ಮ ಚಿಪ್ಪಿನ ಗರಿಷ್ಠ ತಾಪ ಎಷ್ಟೆಂದು ತಯಾರಕರ ಪಟ್ಟಿಯಲ್ಲಿ ನೋಡಿ.

3. ವೋಲ್ಟೇಜನ್ನು ಆಟೋದಲ್ಲಿ ಬಿಟ್ಟು ವೇಗ ಏರಿಸಬೇಡಿ. ಕೆಲವು ಮದರ್‌ಬೋರ್ಡುಗಳು ಬೇಕಾದ್ದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಕೊಟ್ಟುಬಿಡುತ್ತವೆ.

4. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ವೋಲ್ಟೇಜ್ ಮುಟ್ಟದೆ ವೇಗವನ್ನು 25 ಅಥವಾ 50 ಮೆಗಾಹರ್ಟ್ಜ್ ಏರಿಸಿ ನೋಡಿ. ದೋಷ ಬಂದಲ್ಲಿ ಹಿಂದಕ್ಕೆ ಬನ್ನಿ. ಪ್ರತಿ ಹೆಜ್ಜೆಯನ್ನೂ ಬರೆದಿಡಿ.

5. ನನ್ನಂಥ ಪ್ರೊಸೆಸರಿಗೆ ದಿನಬಳಕೆಯಲ್ಲಿ 1.35 ವೋಲ್ಟ್ ಮೀರದಿರುವುದು ನಾನು ಹಾಕಿಕೊಂಡ ಗೆರೆ. ತಾಪಕ್ಕೆ ಮಿತಿಗಿಂತ 10 ಡಿಗ್ರಿ ಕೆಳಗಿನ ಗೆರೆ. ಚಳಿಗಾಲದಲ್ಲಿ ಪರೀಕ್ಷಿಸಿದರೆ, ಬೇಸಿಗೆಯ ಕೋಣೆಗೂ ಅಂದಿನ ಕೋಣೆಗೂ ಇರುವ ವ್ಯತ್ಯಾಸವನ್ನು ಕೂಡಿಸಿ ನೋಡಿ.

6. ಒಳ್ಳೆಯ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ನಮ್ಮ ಕಡೆ ಕರೆಂಟು ಹೇಗೆ ಬಂದು ಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ.

7. ಮುಖ್ಯ ಕಡತಗಳನ್ನು ಮೊದಲೇ ಬೇರೆ ಕಡೆ ಉಳಿಸಿ. ಅಂಚಿನಲ್ಲಿ ಓಡುವ ಪ್ರೊಸೆಸರ್ ನೀಲಿ ಪರದೆ ತೋರಿಸದೆಯೂ ಸದ್ದಿಲ್ಲದೆ ಕಡತ ಕೆಡಿಸಬಹುದು.

8. ಕಂಪ್ಯೂಟರ್ ತೆರೆಯದೇ ಹೋದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದು ಮತ್ತೆ ಹಾಕಿದರೆ ಬಯಾಸ್ ಸೆಟ್ಟಿಂಗುಗಳು ಸಾಮಾನ್ಯವಾಗಿ ಮೂಲಕ್ಕೆ ಮರಳುತ್ತವೆ.

9. ಎಲ್ಲಕ್ಕಿಂತ ಮುಖ್ಯ: ಏನು ಮಾಡಿದಿರಿ ಎಂದು ಆ ಕಂಪ್ಯೂಟರ್ ಬಳಸುವವರಿಗೆ ಹೇಳಿ. ನಾನು ಜನವರಿಯಲ್ಲೇ ಆಪಾಗೆ ಒಂದು ಮಾತು ಹೇಳಿದ್ದರೆ, ಮಾರ್ಚಿನಲ್ಲಿ ಅವರು ಬೆಳಿಗ್ಗೆ ಹತ್ತಕ್ಕೇ ಫೋನ್ ಮಾಡುತ್ತಿದ್ದರು. ಆ ಅಜ್ಜ ಪಹಣಿ ತೆಗೆದುಕೊಂಡು ಹೋಗುತ್ತಿದ್ದರು.

ಕೊನೆಯ ಮಾತು

ಮಧುಗಿರಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇಂಟೆಲ್, ಎಎಮ್‌ಡಿ ಎರಡೂ ಕಂಪನಿಗಳ ವಿನ್ಯಾಸ ಕೇಂದ್ರಗಳಿವೆ. ಎಎಮ್‌ಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಅಲ್ಲಿಯೇ. ಒಂದು ವಾಟ್ ಉಳಿಸುವುದು ಹೇಗೆ, ಒಂದು ಡಿಗ್ರಿ ಇಳಿಸುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವವರು ಅಲ್ಲಿದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗ ಹುಡುಗಿಯರೂ ನಾಳೆ ಅಲ್ಲಿ ಕೂರಬಹುದು. ಅದಕ್ಕೆ ಬೇಕಾದ ಪಾಠ ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ ಎನ್ನುವುದು ನನಗೆ ತಿಳಿದದ್ದು ಒಂದು ತಪ್ಪಿನಿಂದ. ನಿಮಗೆ ತಪ್ಪು ಮಾಡದೆಯೇ ತಿಳಿಯಲಿ.

ಈ ತಿಂಗಳ ಶನಿವಾರಗಳಲ್ಲಿ ಅರ್ಧ ದಿನದ ತರಗತಿ ಮುಗಿದ ಮೇಲೆ, ಪ್ರಾಂಶುಪಾಲರ ಅನುಮತಿಯೊಂದಿಗೆ, ಲ್ಯಾಬ್ ಕಂಪ್ಯೂಟರುಗಳ ಧೂಳು ತೆಗೆಯುವ ಕೆಲಸವನ್ನು ಸರ್ ಅವರ ಉಸ್ತುವಾರಿಯಲ್ಲಿ ನಾವು ಐದು ಜನ ಶುರು ಮಾಡಿದ್ದೇವೆ. ವೇಗ ಏರಿಸುವ ಕೆಲಸ ಇಲ್ಲ, ಬರೀ ಬ್ರಶ್ಶು, ಬ್ಲೋವರ್, ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್. ಪ್ರಾಯೋಗಿಕ ಪರೀಕ್ಷೆಯ ದಿನ ಯಾರ ಪರದೆಯೂ ನೀಲಿಯಾಗಬಾರದು ಎಂಬುದಷ್ಟೇ ಆಸೆ. ಬರುವವರು ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡು ಬನ್ನಿ. ಧೂಳು ಬಹಳ ಇದೆ.